ಅಂತರ್ಜಾಲದ ಅಂಗಡಿ ಗೂಗಲ್‌ನಲ್ಲಿ ಕಾಣದಾದಾಗ

ಪೇಟೆ ಬೀದಿಯ ಅಂಗಡಿಗೆ ಗಿರಾಕಿಗಳು ಬರುವುದು ನಿಂತರೆ ಕಾರಣ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಎದುರಿನ ರಸ್ತೆಯನ್ನು ಅಗೆದಿರಬಹುದು, ಬಸ್ ನಿಲ್ದಾಣ ಅತ್ತ ಸರಿದಿರಬಹುದು, ಪಕ್ಕದಲ್ಲಿಯೇ ಇನ್ನೊಂದು ಅಂಗಡಿ ತೆರೆದಿರಬಹುದು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರ ಕಣ್ಣಿಗೆ ಇವೆಲ್ಲ ತಾವಾಗಿಯೇ ಬೀಳುತ್ತವೆ. ಅಂತರ್ಜಾಲದಲ್ಲಿ ಅಂಗಡಿ ಇಟ್ಟವರಿಗೆ ಈ ಅನುಕೂಲವಿಲ್ಲ. ತಮ್ಮ ಜಾಲತಾಣವನ್ನು ತೆರೆದು ನೋಡಿದರೆ ಎಲ್ಲವೂ ಇದ್ದಂತೆಯೇ ಇರುತ್ತದೆ. ಚಿತ್ರಗಳಿವೆ, ಬೆಲೆಯಿದೆ, ಹಣ ಪಾವತಿಯ ವ್ಯವಸ್ಥೆಯೂ ನಡೆಯುತ್ತಿದೆ. ಆದರೆ ಆರ್ಡರ್ ಇಲ್ಲ. ಅನುಮಾನ ಬಂದು ಗೂಗಲ್‌ನಲ್ಲಿ ತಮ್ಮದೇ ಸರಕಿನ ಹೆಸರು ಬರೆದು ಹುಡುಕಿದರೆ, ತಿಂಗಳ ಹಿಂದೆ ಮೊದಲ ಪುಟದಲ್ಲಿದ್ದ ಅಂಗಡಿಯ ಸುಳಿವೇ ಇಲ್ಲ!

ಚರ್ಚಾ ಕಾರ್ಯಕ್ರಮದಲ್ಲಿ ಈ ವಿಷಯ ಬಂದಾಗ ಅರ್ಧ ಗಂಟೆಯ ಅವಧಿ ಸಮಸ್ಯೆಯ ವರ್ಣನೆಯಲ್ಲಿಯೇ ಕಳೆದುಹೋಗುತ್ತದೆ. ‘ಹಾಗಾದರೆ ಈಗ ಏನು ಮಾಡಬೇಕು?’ ಎಂಬ ಮುಖ್ಯ ಪ್ರಶ್ನೆಗೆ ಬರುವಷ್ಟರಲ್ಲಿ ವಂದನಾರ್ಪಣೆಯ ಸಮಯವಾಗಿರುತ್ತದೆ. ಆದ್ದರಿಂದ ತೆರೆಯ ಮೇಲೆ ಹೇಳಲಾಗದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವ ಪ್ರಯತ್ನ ಮಾಡಿದ್ದೇನೆ.

ದೂರದರ್ಶನದ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಮನೆಗಳಲ್ಲಿ ಚಿತ್ರ ಬರುತ್ತಿಲ್ಲ ಎಂಬ ದೂರು ಬಂದರೆ ಯಾರೂ ಮೊದಲು ಕ್ಯಾಮೆರಾ ಬಿಚ್ಚಲು ಹೋಗುವುದಿಲ್ಲ. ಸ್ಟುಡಿಯೋದ ಮಾನಿಟರ್‌ನಲ್ಲಿ ಚಿತ್ರವಿದೆಯೇ, ಉಪಗ್ರಹಕ್ಕೆ ಹೋಗುತ್ತಿದೆಯೇ, ಅಲ್ಲಿಂದ ಇಳಿದು ಬರುತ್ತಿದೆಯೇ ಎಂದು ಒಂದೊಂದೇ ಹಂತದಲ್ಲಿ ನೋಡುತ್ತಾ ಹೋಗುತ್ತಾರೆ. ಕೊಂಡಿ ಎಲ್ಲಿ ಕಳಚಿದೆ ಎಂದು ತಿಳಿದ ಮೇಲೆಯೇ ಕೈಗೆ ಸ್ಕ್ರೂಡ್ರೈವರ್. ಅಂಗಡಿ ಪುಟ ಮಾಯವಾದಾಗಲೂ ಮಾಡಬೇಕಾದದ್ದು ಇದನ್ನೇ. ಆದರೆ ಬಹುತೇಕ ಮಂದಿ ಗಾಬರಿಯಿಂದ ಜಾಲತಾಣದ ಹೆಸರು ಬದಲಿಸುತ್ತಾರೆ, ವಿನ್ಯಾಸ ಬದಲಿಸುತ್ತಾರೆ, ಯಾರೋ ಫೋನು ಮಾಡಿ ‘ಮೊದಲ ಸ್ಥಾನ ಖಾತರಿ’ ಎಂದರೆ ಹಣ ಕಟ್ಟುತ್ತಾರೆ. ಇದರಿಂದ ಇದ್ದ ಒಂದು ದೋಷದ ಜೊತೆಗೆ ಇನ್ನೂ ನಾಲ್ಕು ಸೇರಿಕೊಳ್ಳುತ್ತವೆ.

ಸೂಚಿಯೊಳಗೆ ಹೋಗುವ ದಾರಿ

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಸ್ಥಾಪಿಸಿದ ಗೂಗಲ್ ಆಗಲಿ, ಮೈಕ್ರೋಸಾಫ್ಟ್‌ನ ಬಿಂಗ್ ಆಗಲಿ, ನೀವು ಹುಡುಕಿದ ಕ್ಷಣದಲ್ಲಿ ಇಡೀ ಅಂತರ್ಜಾಲವನ್ನು ಜಾಲಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗೆ ಮಾಡಲು ಹೊರಟರೆ ಒಂದು ಉತ್ತರಕ್ಕೆ ದಿನಗಟ್ಟಲೆ ಕಾಯಬೇಕಾದೀತು. ದಪ್ಪ ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂಬ ಪದಸೂಚಿ ಇರುತ್ತದಲ್ಲ, ಅಂಥದೊಂದು ಬೃಹತ್ ಸೂಚಿಯನ್ನು ಈ ಸಂಸ್ಥೆಗಳು ಮೊದಲೇ ಸಿದ್ಧಪಡಿಸಿ ಇಟ್ಟಿರುತ್ತವೆ. ಹುಡುಕಾಟ ನಡೆಯುವುದು ಆ ಸೂಚಿಯಲ್ಲಿ.

ಸೂಚಿಗೆ ಸರಕು ತರುವುದು ‘ಬಾಟ್’ ಎಂಬ ತಂತ್ರಾಂಶ. ಗೂಗಲ್‌ನದು ಗೂಗಲ್‌ಬಾಟ್. ಅದು ಒಂದು ಪುಟದಲ್ಲಿರುವ ಕೊಂಡಿಗಳನ್ನು ಹಿಡಿದು ಇನ್ನೊಂದು ಪುಟಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಲೇ ಇರುತ್ತದೆ. ಹೀಗೆ ತಂದ ಪುಟವನ್ನು ಬಿಡಿಸಿ ನೋಡಿ, ಇದೇ ವಿಷಯ ಬೇರೆಡೆ ಇದೆಯೇ ಎಂದು ಹೋಲಿಸಿ, ಯೋಗ್ಯವೆನಿಸಿದರೆ ಸೂಚಿಗೆ ಸೇರಿಸುತ್ತಾರೆ. ಯಾರಾದರೂ ಹುಡುಕಿದಾಗ ಸೂಚಿಯಲ್ಲಿರುವ ಪುಟಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನ ಮೂರನೆಯ ಹಂತ. ಅಂದರೆ ಭೇಟಿ, ದಾಖಲೆ, ಶ್ರೇಣಿ. ಈ ಮೂರರಲ್ಲಿ ಎಲ್ಲಿ ಬೇಕಾದರೂ ಪುಟ ಬಿದ್ದುಹೋಗಬಹುದು. ಎಲ್ಲ ನಿಯಮಗಳನ್ನು ಪಾಲಿಸಿದರೂ ಪುಟವನ್ನು ಸೇರಿಸಿಯೇ ತೀರುತ್ತೇವೆ ಎಂಬ ಭರವಸೆಯನ್ನು ಗೂಗಲ್ ಕೊಡುವುದಿಲ್ಲ, ಇದನ್ನು ಅದು ತನ್ನ ಕೈಪಿಡಿಯಲ್ಲಿಯೇ ಬರೆದಿದೆ. ಪುಟವನ್ನು ಸೇರಿಸಲು ಅದು ಹಣವನ್ನೂ ತೆಗೆದುಕೊಳ್ಳುವುದಿಲ್ಲ. ಜಾಹೀರಾತಿಗೆ ಕೊಟ್ಟ ಹಣದಿಂದ ಜಾಹೀರಾತು ಮಾತ್ರ ಕಾಣುತ್ತದೆ, ಸೂಚಿಯ ಸ್ಥಾನ ಬದಲಾಗುವುದಿಲ್ಲ.

ಮೊದಲು ನಾಡಿ ನೋಡುವುದು

ನಿಮ್ಮ ಪುಟ ಯಾವ ಹಂತದಲ್ಲಿ ಬಿದ್ದಿದೆ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಸೈಟ್’ ಎಂದು ಬರೆದು, ಪಕ್ಕದಲ್ಲಿ ವಿವರಣ ಚಿಹ್ನೆಯ ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ ನಿಮ್ಮ ಜಾಲತಾಣದ ವಿಳಾಸ ಬರೆಯಿರಿ. ಸೂಚಿಯಲ್ಲಿರುವ ನಿಮ್ಮ ಪುಟಗಳು ಬರುತ್ತವೆ. ಎಲ್ಲವೂ ಬರಬೇಕೆಂದೇನೂ ಇಲ್ಲ, ಇದು ಸ್ಥೂಲ ಲೆಕ್ಕ. ಒಂದೂ ಬಾರದಿದ್ದರೆ ರೋಗ ದೊಡ್ಡದು. ಪುಟ ಇಲ್ಲಿ ಬಂದು, ಸರಕಿನ ಹೆಸರಿನಿಂದ ಹುಡುಕಿದಾಗ ಮಾತ್ರ ಸಿಗದಿದ್ದರೆ ಅದು ಮಾಯವಾಗಿಲ್ಲ, ಹಿಂದಕ್ಕೆ ಸರಿದಿದೆ. ಇವೆರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಖಚಿತ ಉತ್ತರ ಬೇಕಾದರೆ ಗೂಗಲ್‌ನ ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸೇವೆಯನ್ನು ಬಳಸಬೇಕು. ಹಿಂದೆ ವೆಬ್‌ಮಾಸ್ಟರ್ ಟೂಲ್ಸ್ ಎಂದಿದ್ದ ಇದಕ್ಕೆ 2015ರಲ್ಲಿ ಈ ಹೆಸರು ಬಂತು. ಜಾಲತಾಣ ನಿಮ್ಮದೇ ಎಂದು ಸಾಬೀತು ಮಾಡಿದ ಮೇಲೆ, ಯಾವುದೇ ಪುಟದ ವಿಳಾಸ ಕೊಟ್ಟರೆ ಅದು ಸೂಚಿಯಲ್ಲಿದೆಯೇ, ಇಲ್ಲದಿದ್ದರೆ ಏಕೆ, ಬಾಟ್ ಕೊನೆಯ ಸಲ ಬಂದದ್ದು ಯಾವಾಗ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಆ ವರದಿಯ ಎರಡು ವಾಕ್ಯಗಳನ್ನು ಅಂಗಡಿಯವರು ಒಂದೇ ಎಂದು ಓದಿಬಿಡುತ್ತಾರೆ. ‘ಪತ್ತೆಯಾಗಿದೆ, ಸದ್ಯ ಸೂಚಿಯಲ್ಲಿಲ್ಲ’ ಎಂದರೆ ವಿಳಾಸ ಗೊತ್ತಾಗಿದೆ, ಬಾಟ್ ಇನ್ನೂ ಬಂದಿಲ್ಲ. ‘ಭೇಟಿಯಾಗಿದೆ, ಸದ್ಯ ಸೂಚಿಯಲ್ಲಿಲ್ಲ’ ಎಂದರೆ ಬಂದು, ನೋಡಿ, ಬೇಡವೆಂದು ಹೋಗಿದೆ. ಮೊದಲನೆಯದಕ್ಕೆ ದಾರಿ ಸರಿಪಡಿಸಬೇಕು, ಎರಡನೆಯದಕ್ಕೆ ಸರಕು.

ನಾವೇ ಹಾಕಿದ ಬೀಗ

ಅಚ್ಚರಿಯೆನಿಸಬಹುದು, ಅನೇಕ ಅಂಗಡಿಗಳನ್ನು ಸೂಚಿಯಿಂದ ಹೊರಗಿಟ್ಟದ್ದು ಗೂಗಲ್ ಅಲ್ಲ. ‘ಒಳಗೆ ಬರಬೇಡ’ ಎಂಬ ಫಲಕವನ್ನು ಅಂಗಡಿಯೇ ತೂಗುಹಾಕಿರುತ್ತದೆ.

ಇಂಥ ಫಲಕಗಳು ಎರಡು. ಒಂದು, ಜಾಲತಾಣದ ಬಾಗಿಲಲ್ಲಿಯೇ ಇರುವ ‘ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಚಿಕ್ಕ ಕಡತ. ಬಾಟ್‌ಗಳು ಯಾವ ಭಾಗಕ್ಕೆ ಹೋಗಬಾರದು ಎಂಬುದನ್ನು ಇದರಲ್ಲಿ ಬರೆಯುತ್ತಾರೆ. ಮಾರ್ಟೈನ್ ಕಾಸ್ಟರ್ ಎಂಬವರು 1994ರಲ್ಲಿ ಸೂಚಿಸಿದ ಈ ಪದ್ಧತಿ ಬಹುಕಾಲ ಕೇವಲ ಪರಸ್ಪರ ಮರ್ಯಾದೆಯ ಮೇಲೆ ನಡೆದು, 2022ರಲ್ಲಿ ಅಂತರ್ಜಾಲದ ಅಧಿಕೃತ ಮಾನಕವಾಯಿತು. ಎರಡನೆಯದು ‘ನೋಇಂಡೆಕ್ಸ್’ ಎಂಬ ಸೂಚನೆ. ಇದು ಆಯಾ ಪುಟದ ಒಳಗೆ, ಗಿರಾಕಿಗಳ ಕಣ್ಣಿಗೆ ಬೀಳದ ತಲೆಭಾಗದಲ್ಲಿರುತ್ತದೆ. ಕೆಲವೊಮ್ಮೆ ಪುಟದೊಳಗೂ ಇರದೆ, ಲಕೋಟೆಯ ಮೇಲಿನ ಬರಹದಂತೆ, ಸರ್ವರ್ ಪುಟವನ್ನು ಕಳಿಸುವಾಗ ಜೊತೆಗೆ ಹೋಗುತ್ತದೆ.

ಇವು ಬರುವುದು ಹೇಗೆ? ಹೊಸ ಜಾಲತಾಣವನ್ನು ಸಿದ್ಧಪಡಿಸುವಾಗ ಅರೆಬರೆ ಪುಟಗಳು ಹೊರಗೆ ಕಾಣಬಾರದೆಂದು ಕಟ್ಟುವವರು ಈ ಫಲಕ ಹಾಕಿರುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಅಂಗಡಿ ನಡೆಸುವವರಾದರೆ ಸೆಟ್ಟಿಂಗ್ಸ್‌ನ ‘ರೀಡಿಂಗ್’ ವಿಭಾಗದಲ್ಲಿ, ಸರ್ಚ್ ಎಂಜಿನ್‌ಗಳನ್ನು ನಿರುತ್ತೇಜನಗೊಳಿಸು ಎಂಬ ಅರ್ಥದ ಒಂದು ಚೌಕವಿದೆ. ಅದರಲ್ಲಿ ಒಂದು ಗುರುತು ಬಿದ್ದರೆ ಸಾಕು, ಸಾವಿರ ಪುಟಗಳ ಅಂಗಡಿಯೂ ಕ್ರಮೇಣ ಸೂಚಿಯಿಂದ ಜಾರಿಹೋಗುತ್ತದೆ. ಕ್ರಮೇಣ ಎಂಬ ಮಾತನ್ನು ಗಮನಿಸಿ. ಬಾಟ್ ಒಂದೊಂದು ಪುಟಕ್ಕೆ ಮರಳಿ ಬಂದಾಗ ಆ ಪುಟ ಹೋಗುತ್ತದೆ. ಆದ್ದರಿಂದ ತಪ್ಪು ನಡೆದ ದಿನಕ್ಕೂ ಮಾರಾಟ ಕುಸಿದ ದಿನಕ್ಕೂ ವಾರಗಳ ಅಂತರವಿದ್ದು, ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಇಲ್ಲೊಂದು ವಿಚಿತ್ರವಿದೆ. ಎರಡು ಫಲಕಗಳನ್ನೂ ಒಟ್ಟಿಗೆ ಹಾಕಿದರೆ ಎರಡನೆಯದು ಕೆಲಸ ಮಾಡುವುದಿಲ್ಲ. ಬಾಗಿಲಲ್ಲಿಯೇ ತಡೆದ ಮೇಲೆ ಒಳಗಿನ ಫಲಕವನ್ನು ಬಾಟ್ ಓದುವುದಾದರೂ ಹೇಗೆ? ಅಂಥ ಪುಟದ ಬರಿಯ ವಿಳಾಸ, ವಿವರಣೆಯಿಲ್ಲದೆ, ಫಲಿತಾಂಶದಲ್ಲಿ ಉಳಿದುಕೊಳ್ಳುವುದುಂಟು. ತೆಗೆಯಬೇಕಾದ ಪುಟ ಹೋಗುವುದಿಲ್ಲ, ಇರಬೇಕಾದ ಪುಟ ನೆಟ್ಟಗೆ ಕಾಣುವುದಿಲ್ಲ.

ವಿನ್ಯಾಸ ಬದಲಾದ ಮರುದಿನ

ಇನ್ನು ಅತಿ ಹೆಚ್ಚು ಹಾನಿ ಮಾಡುವ ಪ್ರಸಂಗಕ್ಕೆ ಬರೋಣ. ಚನ್ನಪಟ್ಟಣದ ಬೊಂಬೆ ಮಾರುವ ಒಂದು ಅಂಗಡಿಯಿದೆ ಎಂದುಕೊಳ್ಳಿ. ಐದು ವರ್ಷದಿಂದ ಅದರ ಪ್ರತಿಯೊಂದು ಬೊಂಬೆಗೂ ಒಂದು ಪುಟ, ಪುಟಕ್ಕೊಂದು ವಿಳಾಸ. ಶಾಲೆಯವರು, ಪ್ರವಾಸ ಬರಹಗಾರರು, ಪತ್ರಿಕೆಯವರು ಆ ಪುಟಗಳಿಗೆ ಕೊಂಡಿ ಕೊಟ್ಟಿದ್ದಾರೆ. ಹಬ್ಬದ ವ್ಯಾಪಾರಕ್ಕೆ ಮೊದಲು ಜಾಲತಾಣ ಚೆನ್ನಾಗಿ ಕಾಣಲಿ ಎಂದು ಅಂಗಡಿಯವರು ಹೊಸ ವಿನ್ಯಾಸ ಮಾಡಿಸುತ್ತಾರೆ. ಹೊಸ ವ್ಯವಸ್ಥೆ ಎಲ್ಲ ಪುಟಗಳಿಗೂ ತನ್ನದೇ ರೀತಿಯಲ್ಲಿ ಹೊಸ ವಿಳಾಸ ಕೊಡುತ್ತದೆ. ಮಾಲೀಕರ ಕಣ್ಣಿಗೆ ಅದೇ ಬೊಂಬೆ, ಅದೇ ಬೆಲೆ. ಗೂಗಲ್‌ನ ಲೆಕ್ಕದಲ್ಲಾದರೋ ಹಳೆಯ ಅಂಗಡಿ ಸುಟ್ಟುಹೋಗಿ ಇನ್ಯಾರೋ ಹೊಸಬರು ಬಂದಂತೆ. ಹಳೆಯ ವಿಳಾಸಕ್ಕೆ ಹೋದ ಬಾಟ್‌ಗೆ ‘404’, ಅಂದರೆ ಪುಟ ಸಿಗಲಿಲ್ಲ ಎಂಬ ಉತ್ತರ. ಐದು ವರ್ಷದ ಪರಿಚಯವೆಲ್ಲ ಆ ವಿಳಾಸಗಳ ಜೊತೆಗೇ ಹೋಯಿತು.

ಮನೆ ಬದಲಿಸಿದಾಗ ಅಂಚೆ ಕಚೇರಿಗೆ ಹೊಸ ವಿಳಾಸ ಬರೆದುಕೊಡುತ್ತೇವಲ್ಲ, ಅದಕ್ಕೆ ಸಮಾನವಾದ ಏರ್ಪಾಡು ಇಲ್ಲಿಯೂ ಇದೆ. ಅದರ ಹೆಸರು ‘301’ ಮರುನಿರ್ದೇಶನ. ಹಳೆಯ ವಿಳಾಸಕ್ಕೆ ಬಂದವರನ್ನು ‘ಈ ಪುಟ ಶಾಶ್ವತವಾಗಿ ಅಲ್ಲಿಗೆ ಹೋಗಿದೆ’ ಎಂದು ಹೊಸ ವಿಳಾಸಕ್ಕೆ ಕಳಿಸುವುದು ಇದರ ಕೆಲಸ. ಪ್ರತಿ ಹಳೆಯ ಪುಟವನ್ನೂ ಅದಕ್ಕೆ ಸರಿಹೊಂದುವ ಹೊಸ ಪುಟಕ್ಕೇ ಕಳಿಸಬೇಕು. ಸೋಮಾರಿತನದಿಂದ ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ಪುಟವಿಲ್ಲದ್ದಕ್ಕೆ ಸಮಾನವೆಂದೇ ಎಣಿಸುತ್ತದೆ. ಮರದ ಕುದುರೆಯನ್ನು ಕೇಳಿ ಬಂದವರನ್ನು ಅಂಗಡಿಯ ಮುಂಬಾಗಿಲಲ್ಲಿ ನಿಲ್ಲಿಸಿ ‘ಒಳಗೆಲ್ಲೋ ಇದೆ, ಹುಡುಕಿಕೊಳ್ಳಿ’ ಎಂದರೆ ಗಿರಾಕಿಯೂ ಹೊರಟುಹೋಗುತ್ತಾನೆ. ಈ ಏರ್ಪಾಡನ್ನು ಕನಿಷ್ಠ ಒಂದು ವರ್ಷವಾದರೂ ತೆಗೆಯಬಾರದು ಎಂಬುದು ಗೂಗಲ್‌ನದೇ ಸಲಹೆ.

ಆದರೆ ಹಳೆಯ ವಿಳಾಸಗಳ ಪಟ್ಟಿಯನ್ನೇ ಇಟ್ಟುಕೊಂಡಿಲ್ಲವಲ್ಲ ಎಂದರೆ? ಆಗಲೂ ಧೈರ್ಯಗೆಡಬೇಕಾಗಿಲ್ಲ. ಸರ್ಚ್ ಕನ್ಸೋಲ್‌ನಲ್ಲಿ ಯಾವ ಪುಟಕ್ಕೆ ಎಷ್ಟು ಮಂದಿ ಬಂದರು ಎಂಬ ಮಾಹಿತಿ 16 ತಿಂಗಳ ಹಿಂದಿನವರೆಗೂ ಇರುತ್ತದೆ, ಆ ಪಟ್ಟಿಯಲ್ಲಿ ಹಳೆಯ ವಿಳಾಸಗಳೂ ಇರುತ್ತವೆ. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ‘ವೇಬ್ಯಾಕ್ ಮಷೀನ್’ ಎಂಬ ಹೆಸರಿನಲ್ಲಿ ಹಳೆಯ ಜಾಲಪುಟಗಳ ಪ್ರತಿಗಳನ್ನು ಕಾಯ್ದಿಟ್ಟು 2001ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿದೆ. ನಿಮ್ಮ ಅಂಗಡಿಯ ಹಳೆಯ ಪುಟಗಳೂ ಅಲ್ಲಿ ಸಿಗುವ ಸಂಭವವಿದೆ. ಎರಡನ್ನೂ ಜೋಡಿಸಿದರೆ ಮುಖ್ಯ ಪುಟಗಳ ಪಟ್ಟಿಯನ್ನು ಮತ್ತೆ ಕಟ್ಟಬಹುದು.

ಮೂವತ್ತು ಬೊಂಬೆ, ಆರುನೂರ ನಲವತ್ತು ಪುಟ

ಅದೇ ಬೊಂಬೆ ಅಂಗಡಿಯ ಇನ್ನೊಂದು ತೊಂದರೆಯನ್ನು ನೋಡೋಣ. ಗಿರಾಕಿಗಳಿಗೆ ಅನುಕೂಲವಾಗಲೆಂದು ಬಣ್ಣ, ಅಳತೆ, ಬೆಲೆಗಳಿಂದ ಸೋಸಿ ನೋಡುವ ಫಿಲ್ಟರ್ ಗುಂಡಿಗಳನ್ನು ಇಟ್ಟಿದ್ದಾರೆ. ಬಣ್ಣ 8, ಅಳತೆ 5, ಬೆಲೆಯ ಹಂತ 4, ಜೋಡಿಸುವ ಕ್ರಮ 4. ಒಂದೊಂದು ಆಯ್ಕೆಗೂ ಬೇರೆ ವಿಳಾಸ ಹುಟ್ಟುವುದಾದರೆ ಒಂದೇ ವಿಭಾಗದಿಂದ 640 ಪುಟಗಳಾದವು. ಸರಕು ಮಾತ್ರ ಅದೇ ಮೂವತ್ತು ಬೊಂಬೆ! ಬಾಟ್ ಇವುಗಳಲ್ಲಿ ಸುತ್ತುತ್ತಾ ಹೊಸ ಬೊಂಬೆಯ ಪುಟವನ್ನು ತಲುಪುವುದೇ ತಡವಾಗುತ್ತದೆ. ತಲುಪಿದರೂ ಒಂದೇ ಮುಖದ ನೂರಾರು ಪುಟಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ಅದೇ ತೀರ್ಮಾನಿಸುತ್ತದೆ, ಮತ್ತು ಆ ತೀರ್ಮಾನ ನಿಮಗೆ ಬೇಕಾದದ್ದೇ ಆಗಿರುತ್ತದೆಂದು ಹೇಳಲಾಗದು.

ಭೇಟಿಯ ಮಿತಿಯ ಬಗ್ಗೆ ಚಿಂತಿಸಬೇಕಾದವರು ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳಿರುವವರು, ಅಥವಾ ಹತ್ತು ಸಾವಿರಕ್ಕೂ ಹೆಚ್ಚು ಪುಟಗಳು ದಿನವೂ ಬದಲಾಗುವವರು ಎಂದು ಗೂಗಲ್ ಹೇಳುತ್ತದೆ. ಸಣ್ಣ ಅಂಗಡಿಯವರು ಇದನ್ನು ಓದಿ ನಿಶ್ಚಿಂತರಾಗುತ್ತಾರೆ. ತಮ್ಮ ಫಿಲ್ಟರ್‌ಗಳು ಗುಣಾಕಾರ ಮಾಡುತ್ತಿರುವುದನ್ನು ಎಣಿಕೆಗೆ ತಂದಿರುವುದಿಲ್ಲ, ಅಷ್ಟೆ.

ಇದಕ್ಕೆ ಪರಿಹಾರ ‘ಕೆನಾನಿಕಲ್’ ಎಂಬ ಗುರುತು. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ 2009ರಲ್ಲಿ ಒಪ್ಪಿಕೊಂಡ ಈ ಗುರುತು, ‘ನಾನು ನಕಲು ಪ್ರತಿ, ಮೂಲ ಪ್ರತಿ ಇಂಥ ವಿಳಾಸದಲ್ಲಿದೆ’ ಎಂದು ಹೇಳುತ್ತದೆ. ಗೂಗಲ್ ಇದನ್ನು ಆಜ್ಞೆಯೆಂದು ತಿಳಿಯದೆ ಸಲಹೆಯೆಂದು ಪರಿಗಣಿಸುತ್ತದೆ. ಕೆಂಪು, ಹಳದಿ, ಹಸಿರು ಕುದುರೆಗಳ ಪುಟಗಳು ಮುಖ್ಯ ಕುದುರೆಯ ಪುಟವನ್ನು ತೋರಿಸಿದರೆ ಸರಿ. ಆದರೆ ಕೆಲವು ಸಿದ್ಧ ವಿನ್ಯಾಸಗಳು ಅಂಗಡಿಯ ಎಲ್ಲ ಪುಟಗಳ ಮೇಲೂ ಮುಖಪುಟದ ವಿಳಾಸವನ್ನೇ ಮೂಲವೆಂದು ಅಚ್ಚೊತ್ತಿಬಿಡುತ್ತವೆ. ಆಗ ಇಡೀ ಅಂಗಡಿ ‘ನಾವೆಲ್ಲ ನಕಲು’ ಎಂದು ತಾನೇ ಸಾರಿದಂತಾಯಿತು. ಪುಟಗಳು ಒಂದೊಂದಾಗಿ ಮಾಯವಾದರೆ ದೂರುವುದು ಯಾರನ್ನು? ಫಿಲ್ಟರ್ ಪುಟಗಳು ಯಾರಿಗೂ ಬೇಡವೆಂದಾದರೆ ಅವುಗಳನ್ನು ರೋಬಾಟ್ಸ್ ಕಡತದಲ್ಲಿಯೇ ತಡೆಯಬಹುದು. ಒಂದೇ ಪುಟಕ್ಕೆ ಎರಡೂ ಉಪಾಯ ಬೇಡ, ತಡೆದ ಪುಟದ ಗುರುತನ್ನು ಬಾಟ್ ಓದಲಾರದು.

ಸರಕು ಮುಗಿದಾಗ

ಬೀದಿ ಅಂಗಡಿಯಲ್ಲಿ ಸರಕು ಮುಗಿದರೆ ‘ನಾಳೆ ಬನ್ನಿ’ ಎನ್ನುತ್ತೇವೆ. ಅಂತರ್ಜಾಲದಲ್ಲಿ ಕೆಲವರು ಆ ಕಪಾಟನ್ನೇ ಕಿತ್ತು ಎಸೆಯುತ್ತಾರೆ, ಅಂದರೆ ಪುಟವನ್ನೇ ಅಳಿಸುತ್ತಾರೆ. ಇನ್ನು ಕೆಲವರು ಚಿತ್ರ, ವಿವರಣೆ ಎಲ್ಲ ತೆಗೆದು ‘ಲಭ್ಯವಿಲ್ಲ’ ಎಂಬ ಒಂದೇ ಸಾಲನ್ನು ಉಳಿಸುತ್ತಾರೆ. ಪುಟ ತೆರೆಯುತ್ತದೆ, ಒಳಗೇನೂ ಇಲ್ಲ. ಇದಕ್ಕೆ ಗೂಗಲ್‌ನ ಭಾಷೆಯಲ್ಲಿ ‘ಸಾಫ್ಟ್ 404’ ಎಂಬ ಹೆಸರಿದ್ದು, ಅಂಥ ಪುಟ ಸೂಚಿಯಿಂದ ಹೋಗುತ್ತದೆ. ಮತ್ತೆ ಬರುವ ಸರಕಾದರೆ ವಿವರಗಳನ್ನೆಲ್ಲ ಹಾಗೆಯೇ ಉಳಿಸಿ, ಸದ್ಯ ಮುಗಿದಿದೆ ಎಂದು ಬರೆದರೆ ಸಾಕು. ಇನ್ನೆಂದೂ ಬಾರದ ಸರಕಾದರೆ ಅದರ ಜಾಗಕ್ಕೆ ಬಂದ ಸರಕಿನ ಪುಟಕ್ಕೆ ಕಳಿಸಬೇಕು, ಅಂಥದ್ದು ಇಲ್ಲದಿದ್ದರೆ ನೇರವಾಗಿ 404 ಕೊಡಬಹುದು. ಅದರಲ್ಲಿ ಅವಮಾನವೇನೂ ಇಲ್ಲ.

ದಸರಾ ಬೊಂಬೆಯಂತೆ ವರ್ಷಕ್ಕೊಮ್ಮೆ ಮಾರುವ ಸರಕಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಪ್ರತಿ ವರ್ಷ ಇಸವಿ ಸೇರಿಸಿ ಹೊಸ ಪುಟ ಮಾಡಿ, ಹಬ್ಬ ಮುಗಿದ ಮೇಲೆ ಅಳಿಸುವವರು ಪ್ರತಿ ವರ್ಷವೂ ಅಪರಿಚಿತರಾಗಿಯೇ ಆರಂಭಿಸುತ್ತಾರೆ. ಒಂದೇ ವಿಳಾಸವನ್ನು ವರ್ಷವಿಡೀ ಉಳಿಸಿಕೊಂಡು, ಒಳಗಿನ ಚಿತ್ರ ಮತ್ತು ಬೆಲೆಗಳನ್ನು ಮಾತ್ರ ಬದಲಿಸುವುದು ಮೇಲು.

ಬಾಟ್ ಕಣ್ಣಿಗೆ ಕಾಣದ ಬರಹ

‘ಭೇಟಿಯಾಗಿದೆ, ಸೂಚಿಯಲ್ಲಿಲ್ಲ’ ಎಂದು ಬಂದರೆ ಪುಟದ ಬರಹವನ್ನು ನೋಡಬೇಕು. ತಯಾರಕರು ಕೊಟ್ಟ ವಿವರಣೆಯನ್ನು ಐವತ್ತು ಅಂಗಡಿಗಳು ಹಾಗೆಯೇ ಅಂಟಿಸಿದ್ದರೆ ಐವತ್ತನ್ನೂ ಇಟ್ಟುಕೊಳ್ಳುವ ಅಗತ್ಯ ಸೂಚಿಗಿಲ್ಲ. ಬೊಂಬೆಯ ಮರ ಯಾವುದು, ಬಣ್ಣ ಹಚ್ಚುವ ಅರಗು ಎಂಥದು, ಎಷ್ಟು ವಯಸ್ಸಿನ ಮಗುವಿಗೆ ತಕ್ಕದ್ದು ಎಂದು ಕೌಂಟರಿನಲ್ಲಿ ನಿಂತು ಹೇಳುವ ನಾಲ್ಕು ಮಾತನ್ನು ಬರೆದರೂ ಅದು ನಿಮ್ಮದೇ ಆಗುತ್ತದೆ.

ಕನ್ನಡದಲ್ಲಿ ಅಂಗಡಿ ನಡೆಸುವವರಿಗೆ ಮಾತ್ರ ಬರುವ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಮುದ್ರಣಕ್ಕೆಂದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕ್ಯಾಟಲಾಗನ್ನು ನೇರವಾಗಿ ಜಾಲತಾಣಕ್ಕೆ ಅಂಟಿಸಿ, ಆ ಫಾಂಟನ್ನೂ ಜೊತೆಗಿಟ್ಟರೆ ಪರದೆಯ ಮೇಲೆ ಸುಂದರ ಕನ್ನಡವೇ ಕಾಣುತ್ತದೆ. ಬಾಟ್ ಓದುವುದು ಫಾಂಟಿನ ಕೆಳಗಿರುವ ಸಂಕೇತಗಳನ್ನು. ಅದಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ‘ಇಳಕಲ್ ಸೀರೆ’ ಎಂದು ಹುಡುಕಿದವರಿಗೆ ಆ ಪುಟ ಸಿಗುವುದು ಸಾಧ್ಯವೇ? ಪುಟದ ಒಂದು ಸಾಲನ್ನು ನಕಲಿಸಿ ಗೂಗಲ್‌ನ ಪೆಟ್ಟಿಗೆಯಲ್ಲಿ ಅಂಟಿಸಿ ನೋಡಿ, ಕನ್ನಡವೇ ಬಂದರೆ ಸರಿ. ಇಲ್ಲದಿದ್ದರೆ ಯುನಿಕೋಡಿಗೆ ಬದಲಿಸಬೇಕು, ಅದಕ್ಕೆ ಪರಿವರ್ತಕಗಳಿವೆ. ಹಾಗೆಯೇ ಹೆಸರು, ಬೆಲೆ, ವಿವರವನ್ನೆಲ್ಲ ಚಿತ್ರದೊಳಗೆ ಬರೆದು ಪೋಸ್ಟರ್‌ನಂತೆ ಹಾಕುವ ರೂಢಿಯನ್ನೂ ಬಿಡುವುದು ಒಳ್ಳೆಯದು.

ಇನ್ನೊಂದು ಮಾತು. ‘ಇನ್ನಷ್ಟು ತೋರಿಸು’ ಎಂಬ ಗುಂಡಿಯನ್ನು ಬಾಟ್ ಒತ್ತುವುದಿಲ್ಲ, ಪುಟವನ್ನು ಬೆರಳಿನಿಂದ ಜಾರಿಸುವುದೂ ಇಲ್ಲ. ಗುಂಡಿ ಒತ್ತಿದ ಮೇಲೆ ಮಾತ್ರ ಕಾಣುವ ಸರಕಿಗೆ ಬೇರೆ ಕಡೆಯಿಂದ ಸಾಮಾನ್ಯ ಕೊಂಡಿ ಇರಲೇಬೇಕು. ಜೊತೆಗೆ, ಈಗ ಗೂಗಲ್ ಸೂಚಿಗೆ ಸೇರಿಸುವುದು ನಿಮ್ಮ ಜಾಲತಾಣದ ಮೊಬೈಲ್ ರೂಪವನ್ನು. 2016ರಲ್ಲಿ ಘೋಷಿಸಿದ ಈ ಬದಲಾವಣೆ 2023ರಲ್ಲಿ ಪೂರ್ಣವಾಯಿತು. ದೊಡ್ಡ ಪರದೆಯಲ್ಲಿರುವ ವಿವರಣೆಯನ್ನು ಜಾಗ ಸಾಲದೆಂದು ಮೊಬೈಲ್‌ನಲ್ಲಿ ತೆಗೆದುಹಾಕಿದ್ದರೆ, ಗೂಗಲ್‌ನ ಪಾಲಿಗೆ ಅದು ಇಲ್ಲವೇ ಇಲ್ಲ.

ಸರ್ವರ್ ದೋಷಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ದುರಸ್ತಿಗಾಗಿ ಒಂದೆರಡು ಗಂಟೆ ಅಂಗಡಿ ಮುಚ್ಚುವಾಗ ‘503’ ಎಂಬ ಉತ್ತರ ಕೊಟ್ಟರೆ ಬಾಟ್ ಆಮೇಲೆ ಬರುತ್ತದೆ. ಅದೇ ಉತ್ತರ ದಿನಗಟ್ಟಲೆ ಮುಂದುವರಿದರೆ ಪುಟಗಳನ್ನು ಸೂಚಿಯಿಂದ ತೆಗೆಯಲು ತೊಡಗುತ್ತದೆ. ಕೃತಕ ಬುದ್ಧಿಮತ್ತೆಯ ಕಂಪನಿಗಳ ಬಾಟ್‌ಗಳ ಕಾಟ ಹೆಚ್ಚಿತೆಂದು ರಕ್ಷಣಾ ತಂತ್ರಾಂಶ ಹಾಕಿ, ಅದು ಗೂಗಲ್‌ಬಾಟನ್ನೂ ಕಳ್ಳನೆಂದು ತಡೆಯುವುದುಂಟು. ಸರ್ಚ್ ಕನ್ಸೋಲ್‌ನಲ್ಲಿ ಪುಟವನ್ನು ನೇರ ಪರೀಕ್ಷೆ ಮಾಡಿದರೆ ಇದು ಬಯಲಾಗುತ್ತದೆ.

ಶಿಕ್ಷೆಯಾಗಿ ಹೋದವರು

ಮೇಲಿನ ಯಾವುದೂ ಅಲ್ಲದೆ, ಗೂಗಲ್ ಉದ್ದೇಶಪೂರ್ವಕವಾಗಿ ಕೆಳಗಿಳಿಸಿದ ಅಂಗಡಿಗಳೂ ಇವೆ. ಇದರಲ್ಲಿ ಹೆಸರಾಂತ ಪ್ರಕರಣ ಅಮೆರಿಕದ ಜೆ. ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಸಮೂಹದ್ದು. 2010ರ ಕೊನೆಯ ಹಬ್ಬದ ವ್ಯಾಪಾರದಲ್ಲಿ ಉಡುಪು, ಹಾಸಿಗೆ, ರತ್ನಗಂಬಳಿ ಏನನ್ನು ಹುಡುಕಿದರೂ ಈ ಅಂಗಡಿಯೇ ಮೊದಲು ಬರುತ್ತಿತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕಾರಣ ಹುಡುಕಿದಾಗ, ಅಂಗಡಿಗೆ ಸಂಬಂಧವೇ ಇಲ್ಲದ ಸಾವಿರಾರು ಜಾಲಪುಟಗಳಲ್ಲಿ ಅದಕ್ಕೆ ಹಣದ ಕೊಂಡಿಗಳನ್ನು ನೆಟ್ಟಿದ್ದು ಕಂಡುಬಂತು. 2011ರ ಫೆಬ್ರುವರಿಯ ಒಂದು ಸಂಜೆ, ಒಂದು ಬಗೆಯ ಪ್ರಯಾಣದ ಪೆಟ್ಟಿಗೆಯ ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಆ ಅಂಗಡಿ ಎರಡು ಗಂಟೆಗಳಲ್ಲಿ 71ನೆಯ ಸ್ಥಾನಕ್ಕೆ ಇಳಿಯಿತು. ಇದು ತಮಗೆ ತಿಳಿಯದೆ ನಡೆದದ್ದೆಂದು ಹೇಳಿದ ಕಂಪನಿ ತನ್ನ ಸಲಹಾ ಸಂಸ್ಥೆಯನ್ನು ಕೈಬಿಟ್ಟಿತು. 2013ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹೂವಿನ ವ್ಯಾಪಾರ ಸಂಸ್ಥೆ ಇಂಟರ್‌ಫ್ಲೋರಾ, ಪ್ರಾದೇಶಿಕ ಪತ್ರಿಕೆಗಳ ಜಾಲತಾಣಗಳಲ್ಲಿ ಹಾಕಿಸಿದ ಜಾಹೀರಾತು ಲೇಖನಗಳ ಕೊಂಡಿಗಳಿಂದಾಗಿ, ತನ್ನದೇ ಹೆಸರಿನ ಹುಡುಕಾಟದಲ್ಲಿಯೂ ಕಾಣದಾಯಿತು. ಅಲ್ಲಿನ ತಾಯಂದಿರ ದಿನದ ಹೂವಿನ ಮಾರಾಟಕ್ಕೆ ಆಗ ಕೆಲವೇ ವಾರ ಉಳಿದಿತ್ತು. ಕೊಂಡಿಗಳನ್ನು ತೆಗೆಸಿ ಎರಡು ವಾರ ತುಂಬುವ ಮೊದಲೇ ಅದು ಮರಳಿ ಬಂದದ್ದು ಅದೃಷ್ಟವೆನ್ನಬೇಕು. ಅಷ್ಟು ದೊಡ್ಡ ಹೆಸರಿಲ್ಲದ ಅಂಗಡಿಗೆ ಇಷ್ಟು ಬೇಗ ಬಾಗಿಲು ತೆರೆಯುತ್ತದೆಂದು ನಾನಂತೂ ನಂಬಿ ಕೂರುವುದಿಲ್ಲ.

ಇಂಥ ಶಿಕ್ಷೆಯಾಗಿದ್ದರೆ ಸರ್ಚ್ ಕನ್ಸೋಲ್‌ನ ‘ಮ್ಯಾನುಯಲ್ ಆ್ಯಕ್ಷನ್ಸ್’ ವಿಭಾಗದಲ್ಲಿ ಸೂಚನೆ ಇರುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ‘ನಿಮಗೆ ಗೂಗಲ್ ದಂಡ ಹಾಕಿದೆ, ನಾವು ಬಿಡಿಸಿಕೊಡುತ್ತೇವೆ’ ಎನ್ನುವವರ ಮಾತಿಗೆ ಆಧಾರವಿಲ್ಲ ಎಂದು ತಿಳಿಯಬಹುದು. ಅದರ ಪಕ್ಕದಲ್ಲಿಯೇ ಭದ್ರತಾ ವಿಭಾಗವಿದೆ. ಕಳ್ಳರು ಜಾಲತಾಣದೊಳಗೆ ನುಸುಳಿ ಜಪಾನಿ ಭಾಷೆಯ ಸಾವಿರಾರು ನಕಲಿ ಸರಕಿನ ಪುಟಗಳನ್ನು ಸೃಷ್ಟಿಸುವ ಹಾವಳಿ ಲೋಕಪ್ರಸಿದ್ಧ. ‘ಸೈಟ್’ ಪರೀಕ್ಷೆಯಲ್ಲಿ ನಿಮ್ಮ ಅಂಗಡಿಯ ಹೆಸರಿನ ಕೆಳಗೆ ಜಪಾನಿ ಲಿಪಿ ಕಂಡರೆ ತಡಮಾಡದೆ ತಜ್ಞರನ್ನು ಕರೆಯಬೇಕು.

ಪುಟ ಸೂಚಿಯಲ್ಲಿದ್ದು ಕೇವಲ ಶ್ರೇಣಿ ಇಳಿದಿದ್ದರೆ? ಗೂಗಲ್ ವರ್ಷದಲ್ಲಿ ಹಲವು ಸಲ ತನ್ನ ಶ್ರೇಣಿಯ ಲೆಕ್ಕಾಚಾರವನ್ನು ಪರಿಷ್ಕರಿಸಿ ಆ ದಿನಾಂಕಗಳನ್ನು ಪ್ರಕಟಿಸುತ್ತದೆ. ನಿಮ್ಮ ಕುಸಿತ ಆ ದಿನಾಂಕಕ್ಕೆ ಹೊಂದಿದರೆ, ತಿರುಗಿಸಿ ಬಿಗಿಮಾಡಬಹುದಾದ ಸ್ಕ್ರೂ ಯಾವುದೂ ಇಲ್ಲ. ಮೇಲಕ್ಕೆ ಬಂದವರ ಪುಟಗಳಲ್ಲಿ ಗಿರಾಕಿಗೆ ಸಿಗುವುದೇನು, ನಮ್ಮಲ್ಲಿ ಇಲ್ಲದ್ದೇನು ಎಂದು ಹೋಲಿಸಿ, ತಿಂಗಳುಗಟ್ಟಲೆ ಕೆಲಸ ಮಾಡಬೇಕಾಗುತ್ತದೆ.

ಸರಿಪಡಿಸಿದ ಮೇಲೆ

ದೋಷ ತಿಳಿದು ಸರಿಪಡಿಸಿದ ಮೇಲೆ ಮುಖ್ಯ ಪುಟಗಳಿಗೆ ಸರ್ಚ್ ಕನ್ಸೋಲ್‌ನಲ್ಲಿ ಮರುಭೇಟಿಯನ್ನು ಕೋರಬಹುದು. ಉಳಿದವಕ್ಕೆ ‘ಸೈಟ್‌ಮ್ಯಾಪ್’, ಅಂದರೆ ಪುಟಗಳ ವಿಳಾಸ ಪಟ್ಟಿ, ಕೊಡಬೇಕು. ಒಂದು ಪಟ್ಟಿಯಲ್ಲಿ 50,000 ವಿಳಾಸಗಳವರೆಗೂ ಇರಬಹುದು. ಈ ಪಟ್ಟಿಯಲ್ಲಿ ಅಳಿಸಿದ ಪುಟ, ತಡೆದ ಪುಟ, ಫಿಲ್ಟರ್ ಪುಟಗಳನ್ನು ತುಂಬಬಾರದು. ಆಮೇಲೆ ಕಾಯಬೇಕು. ಕೆಲವು ದಿನಗಳಿಂದ ಕೆಲವು ವಾರಗಳು ಬೇಕಾಗುತ್ತವೆ. ಈ ಅವಧಿಯಲ್ಲಿ ದಿನಕ್ಕೊಂದು ಬದಲಾವಣೆ ಮಾಡುತ್ತಾ ಹೋದರೆ ಯಾವ ಔಷಧಿಯಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಮಾಡಿದ್ದನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಹಬ್ಬದ ವ್ಯಾಪಾರ ನಂಬಿದವರು ಹೊಸ ವಿನ್ಯಾಸವನ್ನು ಹಬ್ಬಕ್ಕೆ ಕನಿಷ್ಠ ಎರಡು ಮೂರು ತಿಂಗಳ ಮೊದಲೇ ಮುಗಿಸಬೇಕು ಎಂದು ನಾನು ಹೇಳುವುದು ಈ ಕಾಯುವಿಕೆಯ ಲೆಕ್ಕದಿಂದಲೇ.

ಇಷ್ಟೆಲ್ಲ ಪರೀಕ್ಷೆ ಮಾಡಲು ಕೀಲಿಕೈ ನಿಮ್ಮಲ್ಲಿರಬೇಕಷ್ಟೆ. ಸಣ್ಣ ಅಂಗಡಿಗಳಲ್ಲಿ ಡೊಮೈನ್ ಹೆಸರು, ಸರ್ಚ್ ಕನ್ಸೋಲ್ ಖಾತೆ ಎರಡೂ ಜಾಲತಾಣ ಮಾಡಿಕೊಟ್ಟವರ ಹೆಸರಿನಲ್ಲಿಯೇ ಇದ್ದು, ಅವರು ಫೋನು ಎತ್ತುವುದನ್ನು ನಿಲ್ಲಿಸಿದ ದಿನ ಮಾಲೀಕರು ತಮ್ಮ ಅಂಗಡಿಗೇ ಹೊರಗಿನವರಾಗುತ್ತಾರೆ. ಡೊಮೈನ್ ನೋಂದಣಿ ನಿಮ್ಮ ಹೆಸರಿನಲ್ಲಿದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ಅದೊಂದು ನಿಮ್ಮ ಕೈಯಲ್ಲಿದ್ದರೆ ಉಳಿದದ್ದನ್ನು ಪಡೆಯಬಹುದು. ಸರ್ಚ್ ಕನ್ಸೋಲ್ ಕೊಡುವ ಒಂದು ಸಾಲಿನ ಗುರುತನ್ನು ಡೊಮೈನ್‌ನ ಡಿಎನ್ಎಸ್ ದಾಖಲೆಗೆ ಸೇರಿಸಿದರೆ, ಹಳಬರ ಒಪ್ಪಿಗೆ ಇಲ್ಲದೆಯೇ ನೀವು ಮಾಲೀಕರೆಂದು ದೃಢಪಡುತ್ತದೆ. ಬೇರೆ ಯಾರು ಯಾರು ಮಾಲೀಕರಾಗಿದ್ದಾರೆ ಎಂಬ ಪಟ್ಟಿಯೂ ಅಲ್ಲಿಯೇ ಕಾಣುತ್ತದೆ. ಬೇಡದವರನ್ನು ತೆಗೆಯುವಾಗ ಜಾಲತಾಣದಲ್ಲಿ ಅವರು ಇಟ್ಟಿರುವ ಗುರುತಿನ ಸಾಲನ್ನೂ ಅಳಿಸಬೇಕು, ಇಲ್ಲವಾದರೆ ಅವರು ಮತ್ತೆ ಒಳಗೆ ಬರಬಲ್ಲರು.